ಶಿರವಾಡದ ಕೋಣೆಯಲ್ಲಿ ಯಾರಿದ್ದರು?

ನನಗೆ ಸಂಶಯದ ಚಟ ಹತ್ತಿದ್ದು ಬೆಳಂಬಾರದ ನಮ್ಮ ಮನೆಯ ಅಂಗಳದಲ್ಲಿ, ಒಣಗಲು ಹಾಕಿದ ಮೀನಿನ ಕಾವಲು ಕೂತಿದ್ದಾಗ, ಒಂದು ಇಂಗ್ಲಿಷ್ ಕಾದಂಬರಿಯ ದೆಸೆಯಿಂದ. ಆ ಕಾದಂಬರಿಯನ್ನು ನಾನು ಆಗ ಓದಿರಲಿಲ್ಲ. ಏಳನೇ ಇಯತ್ತೆಯ ಕನ್ನಡ ಶಾಲೆಯ ಹುಡುಗಿಗೆ ಅದು ದಕ್ಕುವಂಥದ್ದೂ ಆಗಿರಲಿಲ್ಲ. ಓದಬೇಕಾಗಿದ್ದವಳು ದೊಡ್ಡಪ್ಪನ ಮಗಳು ಯಮುನಕ್ಕ. ಕಾರವಾರದ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಅವಳೂ ಅದನ್ನು ಪೂರ್ತಿ ಓದಿದ್ದಳೆಂದು ನನಗೆ ಇವತ್ತಿಗೂ ನಂಬಿಕೆಯಿಲ್ಲ. ಅವಳ ಹತ್ತಿರ ಇದ್ದದ್ದು ರಟ್ಟು ಹರಿದ ಒಂದು ಗೈಡು, ಮತ್ತು ಅದರಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದ ಒಂದು ಪ್ರಶ್ನೆ: ಈ ಕಾದಂಬರಿಯಲ್ಲಿರುವ ಗೋಥಿಕ್ ಅಂಶಗಳನ್ನು ಚರ್ಚಿಸಿ. ಹತ್ತು ಅಂಕದ ಆ ಪ್ರಶ್ನೆ ಪ್ರತಿ ವರ್ಷ ಬರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು. ಹಾಗಾಗಿ ತಾರ್ಲೆ ಮೀನನ್ನು ಮಗುಚಿ ಹಾಕುತ್ತ ಅವಳು ಉತ್ತರವನ್ನು ಬಾಯಿಪಾಠ ಹೇಳುವುದು, ನಾನು ಒಂದು ಕೈಯಲ್ಲಿ ಕಾಗೆ ಓಡಿಸುವ ಕೋಲು, ಇನ್ನೊಂದು ಕೈಯಲ್ಲಿ ಗೈಡು ಹಿಡಿದು ತಪ್ಪು ಹುಡುಕುವುದು. ತಪ್ಪು ಹುಡುಕುವ ಕೆಲಸ ನನಗೆ ಬಹಳ ಹಿಡಿಸಿತು.

ಗೋಥಿಕ್ ಎಂದರೆ ಎಂತದು ಎಂದು ಕೇಳಿದ್ದಕ್ಕೆ ಯಮುನಕ್ಕ ಕಥೆಯನ್ನೇ ಹೇಳಿದಳು. ತಾಯಿತಂದೆ ಇಲ್ಲದ ಒಬ್ಬ ಹುಡುಗಿ ದೊಡ್ಡ ಮನೆಯೊಂದಕ್ಕೆ ಪಾಠ ಹೇಳಿಕೊಡುವ ಕೆಲಸಕ್ಕೆ ಹೋಗುತ್ತಾಳೆ. ಮೇಲಿನ ಅಂತಸ್ತಿನಲ್ಲಿ ಬೀಗ ಹಾಕಿದ ಕೋಣೆ. ಅಲ್ಲಿಂದ ಯಾರೋ ನಕ್ಕ ಹಾಗೆ ಕೇಳುತ್ತದೆ. ಮನೆಯ ಯಜಮಾನ ಇವಳನ್ನು ಮದುವೆಯಾಗಲು ಹೊರಡುತ್ತಾನೆ. ಮದುವೆಯ ಹೊತ್ತಿಗೆ ಸರಿಯಾಗಿ ಗೊತ್ತಾಗುತ್ತದೆ, ಆ ಕೋಣೆಯಲ್ಲಿರುವುದು ಅವನ ಮೊದಲ ಹೆಂಡತಿ, ಜೀವಂತ. ಕಥೆ ಕೇಳಿ ನನ್ನ ಕೈಯ ಕೋಲು ಹಾಗೇ ನಿಂತಿತು, ಕಾಗೆಗಳು ಎರಡು ಮೀನು ಹೊತ್ತುಕೊಂಡು ಹೋದವು. ಯಮುನಕ್ಕ ಬೆರಳು ಮಡಚಿ ಎಣಿಸಿದಳು.

"ಮೊದಲ್ನೇದು, ಹಳೇ ದೊಡ್ಡ ಮನೆ. ಎರಡ್ನೇದು, ಯಾರೂ ಹೋಗೂಕೆ ಇಲ್ದಿರೂ ಕೋಣೆ. ಮೂರ್ನೇದು, ಒಳಗಿಂದ ಬರೂ ಶಬ್ದ. ನಾಲ್ಕ್ನೇದು, ಗುಟ್ಟು ಇಟ್ಕಂಡ ಯಜಮಾನ. ಐದ್ನೇದು, ಎಲ್ಲಾ ಗೊತ್ತಿದ್ದೂ ಬಾಯಿ ಬಿಡದೇ ಇರೂ ಮನೆಮಂದಿ. ಆರ್ನೇದು... ಆರ್ನೇದು ಎಂತದೇ?"

"ಏನೂ ಗೊತ್ತಿಲ್ದಿರೂ ಹುಡ್ಗಿ."

"ಹಾಂ, ಅದೇ. ಅದೊಂದು ತಲೆಲಿ ನಿಲ್ಲೂದೇ ಇಲ್ಲ ನೋಡು."

ಅವತ್ತಿನಿಂದ ನಾನು ಆರು ಅಂಶಗಳನ್ನು ಹಿಡಿದುಕೊಂಡು ಊರೆಲ್ಲ ತಿರುಗಿದೆ. ನಮ್ಮ ಮನೆಯಲ್ಲಿ ಒಂದೂ ಸಿಗಲಿಲ್ಲ, ಅದು ನನಗೆ ದೊಡ್ಡ ಅವಮಾನವಾಗಿತ್ತು. ಸಾಲಾಗಿ ಮೂರು ಕೋಣೆ, ನಡುವೆ ಬಾಗಿಲಿನ ಬದಲು ಅಜ್ಜಿಯ ಹಳೇ ಸೀರೆಯ ಪರದೆ, ಜಗಲಿಯ ಮೇಲೆ ಬಲೆಯ ರಾಶಿ. ಅಡುಗೆಮನೆಯಲ್ಲಿ ಯಾರು ಯಾರನ್ನು ಬೈದರೂ ಕಡಲಿನ ತನಕ ಕೇಳುತ್ತಿತ್ತು. ಅಪ್ಪ ಗೋವಾ ಕಡೆಯ ಬೋಟಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆ ನಡೆಸುತ್ತಿದ್ದವರು ದೊಡ್ಡಪ್ಪ ಮತ್ತು ಅಜ್ಜಿ. ಯಮುನಕ್ಕನ ತಾಯಿ ಅವಳ ಮೂರನೇ ವರ್ಷದಲ್ಲೇ ತೀರಿಹೋಗಿದ್ದರಿಂದ ನಮ್ಮಿಬ್ಬರಿಗೂ ತಲೆ ಬಾಚಿ ಊಟ ಹಾಕಿದವಳು ನನ್ನ ಅವ್ವ. ಬೆಳಿಗ್ಗೆ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋಗಿ ಮೀನು ಮಾರಿ ಬಂದು, ಮಧ್ಯಾಹ್ನ ಉಳಿದ ಮೀನಿನ ಸಾರು ಮಾಡಿ, ಒಳ್ಳೆಯ ತುಂಡನ್ನು ನನಗಿಂತ ಮೊದಲು ಯಮುನಕ್ಕನ ಗಂಗಾಳಕ್ಕೆ ಹಾಕುತ್ತಿದ್ದಳು. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವ್ವನನ್ನು ಅನುಮಾನಿಸಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಪರೀಕ್ಷೆಗೆ ಇನ್ನೂ ಒಂದು ತಿಂಗಳಿರುವಾಗ ಯಮುನಕ್ಕನಿಗೆ ಶಿರವಾಡದ ಸಂಬಂಧ ಬಂತು. ಹುಡುಗನ ಹೆಸರು ಉಲ್ಲಾಸ. ಮೀನು ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕ. ನಮ್ಮದೇ ಜಾತಿ, ಆದರೆ ಮನೆಯಲ್ಲಿ ಕೊಂಕಣಿ. ನೋಡಲು ಬಂದ ದಿನ ಅವನು ತಲೆ ತಗ್ಗಿಸಿ ಚಹಾ ಕುಡಿದು, ಕಪ್ಪನ್ನು ತಾನೇ ಎತ್ತಿ ಒಳಗೆ ತಂದಿಟ್ಟಿದ್ದ. ಯಮುನಕ್ಕ ಅಷ್ಟಕ್ಕೇ ಒಪ್ಪಿದಳು. ಗಂಡಸು ಎಂಜಲು ಕಪ್ಪು ಎತ್ತಿದ್ದನ್ನು ನಮ್ಮ ಮನೆ ಅವತ್ತೇ ಮೊದಲ ಸಲ ಕಂಡದ್ದು. ನನಗೆ ಮಾತ್ರ ಅದೇ ಸಂಶಯಕ್ಕೆ ಕಾರಣವಾಯಿತು. ಇಷ್ಟು ಒಳ್ಳೆಯವನಾಗಿ ಇಪ್ಪತ್ತೊಂಬತ್ತು ವರ್ಷದವರೆಗೆ ಯಾಕೆ ಮದುವೆಯಾಗಿಲ್ಲ ಎಂದು ಅವ್ವನನ್ನು ಕೇಳಿದೆ. ಅವ್ವ ಬಂಗಡೆಯ ಹೊಟ್ಟೆ ಸೀಳುತ್ತಿದ್ದಳು. "ದೊಡ್ಡೋರ ಮಾತು ನಿಂಗೆಂತಕ್ಕೆ" ಎಂದಳು, ನನ್ನ ಮುಖ ನೋಡದೆ.

ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ ಬರುವುದು ನಮ್ಮಲ್ಲಿ ರೂಢಿ. ಮದುವಣಗಿತ್ತಿ ಆಗುವವಳು ಮಾತ್ರ ಹೋಗುವಂತಿಲ್ಲ. ಮದುವೆಗೆ ಮೊದಲು ಅವಳ ಕಾಲು ಆ ಹೊಸ್ತಿಲು ದಾಟಬಾರದು. ಅವಳು ಬಾಳಬೇಕಾದ ಮನೆಯನ್ನು ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ನೋಡುತ್ತಾರೆ. ಹಿಂದಿನ ದಿನ ಯಮುನಕ್ಕ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದಳು.

"ಎಲ್ಲಾ ಸಮಾ ನೋಡ್ಕಂಡು ಬಾ. ಅಡ್ಗೆಮನೆಗೆ ಬೆಳಕು ಬತ್ತದ್ಯಾ, ಬಚ್ಚಲ ಮನೆಗೆ ಬಾಗಲು ಇದ್ಯಾ, ಅವ್ರ ಆಯಿ ದನಿ ದೊಡ್ಡದಾ. ದೊಡ್ಡೋರ್ನ ಕೇಳಿದ್ರೆ ಎಲ್ಲಾ ಚೊಲೋ ಇತ್ತು ಅಂತ್ರು. ನೀನು ಹಂಗೆ ಹೇಳ್ಬೇಡ."

ದೊಡ್ಡಪ್ಪ, ಅಜ್ಜಿ, ಅವ್ವ, ನಾನು. ಬಾಳೆಗುಳಿಯಲ್ಲಿ ಕಾರವಾರದ ಬಸ್ಸು ಹಿಡಿದು, ಅಲ್ಲಿಂದ ರಿಕ್ಷಾದಲ್ಲಿ ಶಿರವಾಡಕ್ಕೆ ಹೋದೆವು. ಮನೆ ಕಂಡ ಕೂಡಲೇ ನಾನು ಒಂದು ಬೆರಳು ಮಡಚಿದೆ. ಹಳೇ ಮನೆ, ದೊಡ್ಡದು, ಕಪ್ಪಾದ ಹಂಚು. ಒಂದನೇ ಅಂಶ. ಹಿಂದೆಯೇ ರೈಲು ಹಳಿ. ಲಾರಿಗಳನ್ನು ಬೆನ್ನ ಮೇಲೆ ಹೊತ್ತ ಗೂಡ್ಸು ರೈಲು ಹೋಗುವಾಗ ಗೋಡೆಯ ಮೇಲಿನ ಫೋಟೋಗಳೆಲ್ಲ ನಡುಗಿದವು. ಉಲ್ಲಾಸನ ತಾಯಿ ಅಡುಗೆಮನೆ ತೋರಿಸಿದರು, ಬಚ್ಚಲು ತೋರಿಸಿದರು, ತುಳಸಿಕಟ್ಟೆ ತೋರಿಸಿದರು. ನಡುಮನೆಯ ಪಕ್ಕದಲ್ಲಿ ಹೊರಗಿಂದ ಚಿಲಕ ಹಾಕಿದ ಒಂದು ಕೋಣೆ ಇತ್ತು. ಅದನ್ನು ತೋರಿಸಲಿಲ್ಲ. ನಮ್ಮವರು ಯಾರೂ ಕೇಳಲಿಲ್ಲ ಕೂಡ. ಅಜ್ಜಿಯಂಥ ಅಜ್ಜಿ, ಬೇರೆಯವರ ಮನೆಯ ಉಪ್ಪಿನ ಭರಣಿಯ ಮುಚ್ಚಳವನ್ನೂ ಎತ್ತಿ ನೋಡುವವಳು, ಆ ಬಾಗಿಲಿನ ಮುಂದೆ ಕಣ್ಣು ತಗ್ಗಿಸಿ ದಾಟಿದಳು.

ಊಟದ ಹೊತ್ತಿಗೆ ಎಲ್ಲರೂ ಮಣೆಯ ಮೇಲೆ ಕೂತೆವು. ಬಡಿಸಲಿಲ್ಲ. ಉಲ್ಲಾಸನ ತಾಯಿ ಬಾಳೆ ಎಲೆಯಲ್ಲಿ ಅನ್ನ, ಸಾರು, ಹುರಿದ ಬಂಗಡೆ, ಶೆಟ್ಲಿ ಎನ್ನುವ ಸಿಗಡಿಯ ಸುಕ್ಕೆ ಎಲ್ಲ ಹಾಕಿ, ಇನ್ನೊಂದು ಕೈಯಲ್ಲಿ ಒಂದು ಹೊಸ ಸೀರೆ, ಒಂದು ಡಜನ್ ಹಸಿರು ಬಳೆ, ಅಬ್ಬಲಿಗೆ ದಂಡೆ ಹಿಡಿದು ಆ ಕೋಣೆಯ ಒಳಗೆ ಹೋದರು. ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಮುಚ್ಚಿದ ಬಾಗಿಲಿಗೆ ಬಾಯಿ ಹತ್ತಿರ ತಂದು, ಮುನಿಸಿಕೊಂಡ ಮಗಳನ್ನು ರಮಿಸುವ ದನಿಯಲ್ಲಿ, "ಜೇವ್ ಗೋ ಬಾಯೆ" ಎಂದರು. ಉಣ್ಣು ತಾಯಿ ಎಂದು. ಆಮೇಲೆ ಕೊಂಕಣಿಯಲ್ಲೇ ಇನ್ನೂ ಏನೇನೋ ಹೇಳಿದರು. ಅದರಲ್ಲಿ ಯಮುನಕ್ಕನ ಹೆಸರು ಬಂತು. ದೊಡ್ಡಪ್ಪ ಎದ್ದು ನಿಂತು ಕೈಮುಗಿದ. ಅವ್ವ ಸೆರಗು ಹೊದ್ದುಕೊಂಡಳು. ಉಲ್ಲಾಸ ಜಗಲಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

"ಅಜ್ಜೀ, ಒಳಗೆ ಯಾರು?"

ಅಜ್ಜಿ ನನ್ನ ತೊಡೆ ಚಿವುಟಿದಳು. "ಸುಮ್ನೆ ಕೂತ್ಕ."

ಆಗಲೇ ಒಳಗಿಂದ ಶಬ್ದ ಕೇಳಿದ್ದು. ಮೊದಲು ಏನೋ ಧೊಪ್ಪನೆ ಇಳಿದ ಹಾಗೆ, ಆಮೇಲೆ ಬಳೆಗಳು ಒಂದಕ್ಕೊಂದು ತಾಗಿದ ಹಾಗೆ. ನಾನು ಮೂರನೇ ಬೆರಳು ಮಡಚಿದೆ. ಸ್ವಲ್ಪ ಹೊತ್ತಾದ ಮೇಲೆ ಉಲ್ಲಾಸನ ತಾಯಿ ಬಾಗಿಲನ್ನು ಮೂರು ಸಲ ಬಡಿದು, ನಿಧಾನವಾಗಿ ತೆರೆದು ಎಲೆಯನ್ನು ಹೊರಗೆ ತಂದರು. ಅನ್ನ ಕೆದರಿತ್ತು, ಬಂಗಡೆ ಇರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು, ಮುಖದಲ್ಲಿ ನಗು. ನಮ್ಮವರೂ ಉಸಿರು ಬಿಟ್ಟರು. "ಒಪ್ದಂಗೆ ಆಯ್ತು ಬಿಡಿ" ಎಂದಳು ಅಜ್ಜಿ. ನನ್ನ ಎಲೆಗೆ ಇಸ್ವಾಣ ಮೀನಿನ ತುಂಡು ಹಾಕಿದರು. ಅಷ್ಟು ದೊಡ್ಡ ತುಂಡು ನಾನು ಅವತ್ತಿನವರೆಗೆ ಉಂಡಿರಲಿಲ್ಲ. ಅವತ್ತೂ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಪೇಟೆಗೆ, ದೊಡ್ಡಪ್ಪ ಕಡಲಿಗೆ ಹೋದದ್ದನ್ನು ನೋಡಿಕೊಂಡು ನಾನು ಯಮುನಕ್ಕನಿಗೆ ಎಲ್ಲ ಹೇಳಿದೆ. ಗೈಡಿನ ಕ್ರಮದಲ್ಲೇ ಹೇಳಿದೆ. ಮನೆ, ಕೋಣೆ, ಶಬ್ದ, ಬೆನ್ನು ತಿರುಗಿಸಿ ಕೂತ ಯಜಮಾನ, ಬಾಯಿ ಬಿಡದ ಮನೆಮಂದಿ. ಕೊನೆಗೆ, "ಅವ್ನ ಹೆಂಡ್ತಿ ಒಳಗೆ ಇದ್ಲು ಅಕ್ಕಾ. ಮೀನು ತಿಂದ್ಲು" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪರೀಕ್ಷೆಯನ್ನು ನೀನೇ ಬರೆ ಎಂದಳು. ನನಗೆ ಅಳು ಬಂತು. ಸುಳ್ಳಲ್ಲ, ದೇವರಾಣೆ, ಹೊಸ ಸೀರೆ ಒಳಗೆ ಒಯ್ದರು, ಬಳೆ ಒಯ್ದರು ಎಂದೆ. ಅವಳ ನಗು ಅಲ್ಲಿಗೇ ನಿಂತಿತು.

"ಬಳೆ ಯಾವ ಬಣ್ಣದ್ದು?"

"ಹಸ್ರು."

"ಬಾಗ್ಲು ತೆಗೂಕೆ ಮೊದ್ಲು ಬಡದ್ರಾ?"

"ಮೂರು ಸಲ."

ಯಮುನಕ್ಕ ಒಣಮೀನಿನ ನಡುವೆ ಹಾಗೇ ಕುಕ್ಕರಗಾಲಿನಲ್ಲಿ ಕೂತಳು. ಅವಳಿಗೆ ಗೊತ್ತಾಗಿತ್ತು. ಮುತ್ತೈದೆಯಾಗಿ ಸತ್ತವಳಿಗೆ ಎಡೆ ಇಡುವಾಗ ಹೊಸ ಸೀರೆ, ಹಸಿರು ಬಳೆ ಇಟ್ಟು, ಅವಳು ಬಂದು ಉಣ್ಣಲಿ ಎಂದು ಬಾಗಿಲು ಹಾಕುತ್ತಾರೆ. ಉಣ್ಣುತ್ತಿರುವವಳಿಗೆ ಮುಜುಗರ ಆಗಬಾರದೆಂದು ಬಡಿದು ತೆರೆಯುತ್ತಾರೆ. ನಮ್ಮ ಮನೆಯಲ್ಲೂ ವರ್ಷಕ್ಕೊಮ್ಮೆ ಯಮುನಕ್ಕನ ತಾಯಿಗೆ ಅದು ನಡೆಯುತ್ತಿತ್ತು. ಆದರೆ ಅವತ್ತು ಚಿಕ್ಕ ಮಕ್ಕಳನ್ನೆಲ್ಲ ಕಡಲ ದಂಡೆಗೆ ಅಟ್ಟಿಬಿಡುತ್ತಿದ್ದರು, ಮಗಳೆಂದು ಅವಳೊಬ್ಬಳನ್ನು ಮಾತ್ರ ಒಳಗೆ ಕೂರಿಸುತ್ತಿದ್ದರು. ಹಾಗಾಗಿ ನಾನು ಕಣ್ಣಾರೆ ಕಂಡೂ ತಪ್ಪು ತಿಳಿದಿದ್ದೆ, ಅವಳು ಕಾಣದೆಯೂ ಸರಿಯಾಗಿ ತಿಳಿದಳು. ಉಲ್ಲಾಸನಿಗೆ ಮೊದಲು ಮದುವೆಯಾಗಿತ್ತು. ಹೆಂಡತಿ ಸತ್ತಿದ್ದಳು. ಹೊಸಬಳನ್ನು ತರುವ ಮುನ್ನ ಅವಳ ಒಪ್ಪಿಗೆ ಕೇಳಿದ್ದರು. ಅದು ನಮ್ಮವರಿಗೆಲ್ಲ ಗೊತ್ತಿತ್ತು.

"ಸತ್ತೋಳನ್ನ ಕೇಳಿದ್ರು. ನನ್ನ ಕೇಳ್ಲಿಲ್ಲ" ಎಂದಳು ಯಮುನಕ್ಕ. ಕೈಗೆ ಸಿಕ್ಕ ಒಂದು ಮೀನನ್ನು ಮಗುಚಿ ಹಾಕಿ ಮತ್ತೆ, "ಆರ್ನೇದು ನಾನೇ ಅಲ್ದಾ" ಎಂದಳು. ನಾನು ಗೈಡನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ನಿಂತುಕೊಂಡೇ ದೊಡ್ಡಪ್ಪನನ್ನು ಕೇಳಿದಳು. ದೊಡ್ಡಪ್ಪ ಕಡಲಲ್ಲಿ ಎಂಥ ಗಾಳಿಗೂ ಹೆದರದವನು, ಮಗಳ ಮುಂದೆ ಗಂಗಾಳದೊಳಗೆ ಮುಖ ಹುದುಗಿಸಿದ. ಉತ್ತರ ಕೊಟ್ಟವಳು ಅಜ್ಜಿ.

"ಒಂದು ವರ್ಷನೂ ಬಾಳ್ಲಿಲ್ಲ ಆ ಹುಡ್ಗಿ. ಕಾಮಾಲೆ ಆಗಿ ಹೋಯ್ತು. ಮಕ್ಳಿಲ್ಲ ಮರಿ ಇಲ್ಲ. ಮೊದ್ಲೇ ಹೇಳಿದ್ರೆ ನೀನು ಎರಡ್ನೇ ಸಂಬಂಧ ಬೇಡ ಅಂತಿದ್ದೆ. ಚೊಲೋ ಹುಡ್ಗ ಕೈಬಿಟ್ಟು ಹೋತಿದ್ದ. ಮದ್ವೆ ಆದ್ಮೇಲೆ ತನ್ನಷ್ಟಕ್ಕೇ ಗೊತ್ತಾಗೂದೇ ಇತ್ತಲ್ಲ."

"ಚಿಕ್ಕೀ, ನಿಂಗೂ ಗೊತ್ತಿತ್ತಾ?"

ಅವಳು ಅವ್ವನನ್ನು ಕೇಳಿದ್ದು. ನಾನೂ ಅವ್ವನನ್ನೇ ನೋಡುತ್ತಿದ್ದೆ. ಇಲ್ಲ ಎನ್ನಲಿ ಎಂದು ಎಷ್ಟು ಆಸೆಪಟ್ಟೆನೆಂದರೆ, ಸುಳ್ಳಾದರೂ ಅಡ್ಡಿಯಿಲ್ಲ ಎನ್ನಿಸಿತ್ತು. ಅವ್ವ ಸಾರಿನ ಸೌಟನ್ನು ಕೆಳಗಿಟ್ಟಳು.

"ನಿನ್ನ ಒಳ್ಳೇದಕ್ಕೇ ಮಗಾ."

ಅಷ್ಟು ಸಾಕಾಗಿತ್ತು. ಯಮುನಕ್ಕ ಊಟ ಬಿಟ್ಟು ಹೊರಗೆ ಹೋದಳು. ನನಗೆ ಅವತ್ತು ಆದ ಹೆದರಿಕೆ ಶಿರವಾಡದ ಬಾಗಿಲ ಮುಂದೆ ಆದದ್ದಕ್ಕಿಂತ ದೊಡ್ಡದು. ಬೀಗವಿಲ್ಲದ, ಬಾಗಿಲೂ ಇಲ್ಲದ ಮನೆಯಲ್ಲಿ, ಪರದೆಯ ಈಚೆ ನಾನು ಮಲಗಿದ್ದಾಗ ಪರದೆಯ ಆಚೆ ಈ ಮೂರು ಜನ ಪಿಸುಗುಟ್ಟಿ ಒಪ್ಪಂದ ಮಾಡಿಕೊಂಡಿದ್ದರು. ಅಪ್ಪನಿಗೂ ಫೋನಿನಲ್ಲಿ ಹೇಳಿದ್ದರಂತೆ. ಆಮೇಲಿನ ದಿನಗಳಲ್ಲಿ ಇಬ್ಬರು ದೊಡ್ಡವರು ದನಿ ತಗ್ಗಿಸಿ ಮಾತಾಡಿದರೆ ನಾನು ಹೋಗಿ ನಡುವೆ ನಿಲ್ಲುತ್ತಿದ್ದೆ. ಅವ್ವ ಒಳ್ಳೆಯ ತುಂಡು ಹಾಕಿದರೆ, ಇದನ್ನು ಯಾಕೆ ಹಾಕಿದಳು ಎಂದು ಯೋಚಿಸುತ್ತಿದ್ದೆ. ಅಜ್ಜಿ ನನಗೆ ಸಂಶಯದ ಪಿಶಾಚಿ ಎಂದು ಹೆಸರಿಟ್ಟಳು. ಅದನ್ನು ಯಾರು ಹಿಡಿಸಿದ್ದು ಎಂದು ನಾನೂ ತಿರುಗಿ ಕೇಳಿ ಪೆಟ್ಟು ತಿಂದೆ.

ಇಂಗ್ಲಿಷ್ ಪರೀಕ್ಷೆಯ ದಿನ ಯಮುನಕ್ಕ ಜೊತೆಗೆ ಬರಲು ನನ್ನನ್ನು ಕರೆದಳು. ಕಾಲೇಜಿನ ಮೆಟ್ಟಿಲ ಮೇಲೆ ಮೂರು ತಾಸು ಕೂತೆ. ಹೊರಗೆ ಬಂದವಳು ಪ್ರಶ್ನೆ ಬಂತೋ ಇಲ್ಲವೋ ಹೇಳಲೇ ಇಲ್ಲ. ಸೀದಾ ರಿಕ್ಷಾ ಹತ್ತಿ ಶಿರವಾಡ ಎಂದಳು. ಬಾಗಿಲು ತೆರೆದ ಉಲ್ಲಾಸನ ತಾಯಿ ಅವಳನ್ನು ಕಂಡು ಬೆಚ್ಚಿಬಿದ್ದರು.

"ಅಯ್ಯೋ ಬಾಯೆ, ನೀನು ಈಗ ಬರೂಕೆ ಇಲ್ಲ! ಹೊರಗೇ ನಿಲ್ಲು, ಹೊರಗೇ ನಿಲ್ಲು."

ಯಮುನಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆ ಕೋಣೆ ನೋಡಬೇಕು ಎಂದಳು. ಅಷ್ಟರಲ್ಲಿ ಫೋನು ಹೋಗಿ ಉಲ್ಲಾಸನೂ ಮೋಟಾರ್ ಸೈಕಲ್ಲಿನಲ್ಲಿ ಬಂದ, ಐಸಿನ ನೀರಿಗೆ ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಅವನೇ ಚಿಲಕ ತೆಗೆದ. ಒಂದು ಮಂಚ, ಒಂದು ಟ್ರಂಕು, ಗೋಡೆಗೆ ಕನ್ನಡಿ. ಕನ್ನಡಿಯ ಅಂಚಿನಲ್ಲಿ ಸತ್ತವಳು ಹಣೆಯಿಂದ ತೆಗೆದು ಅಂಟಿಸಿಟ್ಟ ಟಿಕಲಿಗಳು, ಹತ್ತೋ ಹನ್ನೆರಡೋ, ಕೆಂಪು ಬಣ್ಣ ಮಾಸಿದವು. ಸರಳು ಮುರಿದ ಕಿಟಕಿಯಲ್ಲಿ ಒಂದು ದಪ್ಪ ಬೂದು ಬೆಕ್ಕು ಕೂತು ನಮ್ಮನ್ನು ನೋಡಿ ಬಾಯಿ ನೆಕ್ಕಿಕೊಂಡಿತು. ನನ್ನ ಮೂರನೇ ಅಂಶ ಅದೇ. ಒಪ್ಪಿಗೆ ಕೊಟ್ಟದ್ದೂ ಅದೇ. ನಗಬೇಕೋ ಬೇಡವೋ ತಿಳಿಯದೆ ಯಮುನಕ್ಕನ ಸೆರಗು ಹಿಡಿದುಕೊಂಡೆ.

"ನಾನು ಮೊದ್ಲ ದಿನನೇ ನಿಮ್ಮ ಅಪ್ಪಂಗೆ ಹೇಳಿದ್ದೆ" ಎಂದ ಉಲ್ಲಾಸ. "ಹುಡ್ಗಿಗೆ ಹೇಳಿದ್ದೇವೆ, ಒಪ್ಪಿದ್ದಾಳೆ ಅಂದ್ರು. ನಿಮ್ಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ."

"ಅವ್ಳ ಹೆಸ್ರು ಎಂತದು?"

"ಶೋಭಾ."

"ನಿಮ್ಗೆ ಅವ್ಳು ಇಷ್ಟ ಇದ್ಲಾ?"

ಉಲ್ಲಾಸನ ತಾಯಿ ಮಗನಿಗೆ ಕಣ್ಣಲ್ಲೇ ಬೇಡ ಎಂದರು. ಅವನು ಒದ್ದೆ ಪ್ಯಾಂಟು ನೋಡಿಕೊಂಡು, ಹೌದು ಎಂದ. ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ ಎಂದ. ನನಗೆ ಆಗ ಅವನು ಶುದ್ಧ ದಡ್ಡ ಎನ್ನಿಸಿತು. ಮದುವೆ ಮುರಿಯಲು ಇದಕ್ಕಿಂತ ಹೆಚ್ಚು ಏನು ಬೇಕು?

ಬಸ್ಸು ಅಂಕೋಲೆಯ ಹತ್ತಿರ ಬಂತು. ಯಮುನಕ್ಕ, ಅವನನ್ನೇ ಮದುವೆಯಾಗುತ್ತೇನೆ ಎಂದಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

"ಕೇಳ್ದದ್ದಕ್ಕೆ ಇದ್ದದ್ದು ಇದ್ದಂಗೆ ಹೇಳ್ದ. ನಮ್ಮನೇಲಿ ಯಾರಿದ್ರೇ ಹಂಗೆ?"

ಮದುವೆಯಾಯಿತು. ದೊಡ್ಡಪ್ಪ ಧಾರೆ ಎರೆಯುವಾಗ ಅತ್ತ. ಅವಳು ಅಳಲಿಲ್ಲ. ಹಬ್ಬಕ್ಕೆ ಬಂದರೆ ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ಅವ್ವನ ಹತ್ತಿರ ನಗುತ್ತಲೇ ಮಾತಾಡುತ್ತಿದ್ದಳು, ಆದರೆ ಏನನ್ನೂ ಕೇಳುತ್ತಿರಲಿಲ್ಲ. ಇವತ್ತು ಮೀನು ಯಾವುದು ಎಂದೂ ಕೇಳುತ್ತಿರಲಿಲ್ಲ. ಅವ್ವನಿಗೆ ಅದು ಬಹಳ ನೋವು ಕೊಟ್ಟಿತು. ಅವಳ ನೋವನ್ನು ನೋಡಿ ನನಗೆ ಪಾಪ ಅನ್ನಿಸಿತ್ತು ಎಂದು ಬರೆಯಲು ಈಗ ಆಸೆಯಾಗುತ್ತದೆ. ನಿಜವೆಂದರೆ, ಅನ್ನಿಸಿರಲಿಲ್ಲ.

ಹತ್ತು ಹನ್ನೆರಡು ವರ್ಷದ ನಂತರ ನನ್ನ ಮದುವೆಯ ಮಾತು ಬಂತು. ಹುಡುಗನ ಮನೆಯವರು ಬಂದು ಹೋದ ಸಂಜೆ ಅವ್ವ ನನ್ನನ್ನು ಕರೆದು ಎದುರು ಕೂರಿಸಿಕೊಂಡಳು. ಕೇಳದೆಯೇ ಹೇಳತೊಡಗಿದಳು. ಹುಡುಗನಿಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು, ಈಗ ಇಲ್ಲ. ಅವನ ತಂಗಿ ಗಂಡನ ಮನೆ ಬಿಟ್ಟು ಬಂದಿದ್ದಾಳೆ. ತಂದೆ ಕುಡಿಯುತ್ತಾರೆ. ಅವಳು ಬೀದಿ ಬೀದಿ ವಿಚಾರಿಸಿ, ಮೀನು ಕೊಳ್ಳಲು ಬಂದವರನ್ನೆಲ್ಲ ಕೇಳಿ, ಒಂದೊಂದನ್ನೂ ನನಗಾಗಿ ಹೆಕ್ಕಿ ತಂದಿದ್ದಳು.

"ಇಷ್ಟೇನಾ?" ಎಂದೆ.

"ಇಷ್ಟೇ ಮಗಾ. ನಂಗೆ ಗೊತ್ತಿದ್ದದ್ದು ಎಲ್ಲಾ ಹೇಳ್ದೆ. ನಿನ್ನಾಣೆ."

ಮರುದಿನ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಊರಿಗೆ ಹೋದೆ. ಅವರ ನೆರೆಯವರನ್ನು ಕೇಳಿದೆ, ಅಂಗಡಿಯವನನ್ನು ಕೇಳಿದೆ, ಕೊನೆಗೆ ಹುಡುಗನ ತಂಗಿಯನ್ನೇ ಕೇಳಿದೆ. ಅವ್ವ ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿರಲಿಲ್ಲ, ಒಂದು ಮಾತೂ ಕಡಿಮೆ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಅವಳು ಜಗಲಿಯ ಮೇಲೆ ಕೂತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ನನ್ನ ಕಾಲಿನ ಧೂಳು ನೋಡಿದಳು, ಎದ್ದು ಹೋಗಿ ಕಾಲು ತೊಳೆಯಲು ನೀರು ತಂದಿಟ್ಟಳು.